ಒಂದು ಗೇಣು ಉಸಿರು

ಉಸಿರಾಡುವುದನ್ನು ಮನುಷ್ಯ ಮರೆಯಬಹುದು ಎಂದು ಯಾರಾದರೂ ಹೇಳಿದ್ದರೆ ನಮ್ಮಜ್ಜ ಖಂಡಿತ ನಗುತ್ತಿದ್ದರು. ಅವರು ಇಪ್ಪತ್ತೆಂಟು ವರ್ಷ ಸಂಬಳ ಎಣಿಸಿದ್ದೇ ತಮ್ಮ ಉಸಿರು ಯಾರ ಕಿವಿಗೂ ಬೀಳದಂತೆ ನೋಡಿಕೊಂಡದ್ದಕ್ಕೆ. ಸಂಗನಬಸಪ್ಪ ಕೋರಿ ಎಂದರೆ ನಮ್ಮ ಧಾರವಾಡದ ಹಳೆಯ ತಲೆಗಳಿಗೆ ಈಗಲೂ ಬಾನುಲಿಯ ಬೆಳಗಿನ ಧ್ವನಿ. ಚಹದ ನೀರು ಕುದಿಯುವ ಹೊತ್ತಿಗೆ ಆ ಧ್ವನಿ ಬರಬೇಕು, ಇಲ್ಲದಿದ್ದರೆ ಅಂದು ಬೆಳಗಾದಂತೆ ಅನ್ನಿಸುತ್ತಿರಲಿಲ್ಲವಂತೆ. ನನಗೆ ಎಂಟು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಅವರು ನನಗೆ ಕಲಿಸಿದ ಒಂದೇ ವಿದ್ಯೆ ನೆನಪಿದೆ. ಪದ್ಯ ಓದಿಸುತ್ತ ಕೂತಾಗ ನನ್ನ ಮೂಗು ಹಿಡಿದು ಹೇಳಿದ್ದರು:

"ಉಸಿರು ಕಳ್ಳನಂಗ ತಗೋಬೇಕು ದಾಕ್ಷು. ಕೇಳೋರಿಗೆ ಗೊತ್ತಾಗಬಾರದು."

ಈಗ ನನ್ನ ವಯಸ್ಸು ಮೂವತ್ತಾರು. ಕೆಲಸ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಶ್ವಾಸ ಪ್ರಯೋಗಾಲಯದಲ್ಲಿ. ದಿನವಿಡೀ ಜನರ ಉಸಿರು ಕೇಳುವುದೇ ಉದ್ಯೋಗ. ಅಜ್ಜ ಮುಚ್ಚಿಟ್ಟದ್ದನ್ನು ಮೊಮ್ಮಗಳು ಹುಡುಕುತ್ತಾಳೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಆ ತಮಾಷೆ ಈಗ ಮಾಡುವುದಿಲ್ಲ.

ಕಾಯಿಲೆಗೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ಜನ 'ಮರೆವು' ಎಂದಷ್ಟೇ ಅನ್ನುತ್ತಾರೆ. ಐವತ್ತು ದಾಟಿದ ನೂರು ಮಂದಿಯಲ್ಲಿ ಮೂವರಿಗೆ ಬರುತ್ತದೆ. ಮಿದುಳಿನ ಬುಡದಲ್ಲಿ ಉಸಿರಿಗೆ ತಾಳ ಹಾಕುವ ಒಂದು ಪುಟ್ಟ ಜಾಗ ಇದೆ. ಅದು ಮೊದಲು ನಿದ್ದೆಯಲ್ಲಿ ತಾಳ ತಪ್ಪುತ್ತದೆ, ಆಮೇಲೆ ಎಚ್ಚರದಲ್ಲಿಯೂ ತಪ್ಪುತ್ತದೆ. ಪುಪ್ಪುಸ ಗಟ್ಟಿ, ಹೃದಯ ಗಟ್ಟಿ, ಆದರೆ ಉಸಿರೆಳೆ ಎಂದು ಹೇಳುವವರು ಒಳಗೆ ಯಾರೂ ಇಲ್ಲ.

ಇದಕ್ಕೆ ನಮ್ಮಲ್ಲಿರುವುದು ಲಯಯಂತ್ರ. ಬೆಂಕಿಪೆಟ್ಟಿಗೆಯಷ್ಟು ಡಬ್ಬಿ. ಕೊರಳೆಲುಬಿನ ಕೆಳಗೆ ಹೊಲಿದು ಕೂಡಿಸುತ್ತೇವೆ. ಅದು ಎದೆ ಹೊಟ್ಟೆಗಳ ನಡುವಿನ ಪೊರೆಗೆ ಹೋಗುವ ನರವನ್ನು ತಟ್ಟಿ ಉಸಿರು ಎಳೆಸುತ್ತದೆ. ತೊಂದರೆ ಏನೆಂದರೆ ಕಾರ್ಖಾನೆಯ ತಾಳ ಒಂದೇ ಸಮ. ಗೋಡೆ ಗಡಿಯಾರದ ಸಪ್ಪಳ ಕೆಲವು ದಿನಗಳಲ್ಲಿ ನಮಗೆ ಕೇಳಿಸದಂತಾಗುವ ಹಾಗೆ ನರವೂ ಆ ತಾಳಕ್ಕೆ ಕಿವುಡಾಗುತ್ತದೆ. ಮೂರು ತಿಂಗಳು, ಹೆಚ್ಚೆಂದರೆ ನೂರು ದಿನ. ಅಷ್ಟರೊಳಗೆ ಯಂತ್ರಕ್ಕೆ ರೋಗಿಯ ಸ್ವಂತ ತಾಳ ಕಲಿಸಬೇಕು. ಕಾಯಿಲೆಗೆ ಮುಂಚಿನ ಅವರದೇ ಉಸಿರು ಎಲ್ಲಾದರೂ ಧ್ವನಿಮುದ್ರಣದಲ್ಲಿ ಇದ್ದರೆ ಆಯಿತು. ಇಲ್ಲದಿದ್ದರೆ ತಂದೆಯದೋ ತಾಯಿಯದೋ ಬೇಕು, ಏಕೆಂದರೆ ಇಬ್ಬರಲ್ಲಿ ಒಬ್ಬರ ತಾಳ ಮಕ್ಕಳಿಗೆ ಹಾಗೆಯೇ ಇಳಿದು ಬರುತ್ತದೆ. ನಾಲ್ಕುನೂರು ಉಸಿರು ಸಿಕ್ಕರೆ ಯಂತ್ರ ಕಲಿಯುತ್ತದೆ, ಮನುಷ್ಯ ಇನ್ನೂ ಇಪ್ಪತ್ತು ವರ್ಷ ಬದುಕುತ್ತಾನೆ.

ಜನ ಎಂಥದ್ದಕ್ಕೂ ಒಗ್ಗಿಕೊಳ್ಳುತ್ತಾರೆ. ಈಗ ತೊಟ್ಟಿಲಿಗೆ ಹಾಕುವ ದಿನವೇ ಕೂಸಿನ ಉಸಿರನ್ನು ಮುದ್ರಿಸಿ 'ಇಡುವ' ಶಾಸ್ತ್ರ ಶುರುವಾಗಿದೆ. ಸೋದರತ್ತೆ ಹೆಸರು ಕರೆದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂರಬೇಕು. ಹೆಣ್ಣು ನೋಡಲು ಬಂದವರು, ಮನೆಯಲ್ಲಿ ಹಿರಿಯರ ಉಸಿರು ಇಟ್ಟಿದ್ದೀರೋ ಇಲ್ಲವೋ ಎಂದು ಉಪ್ಪಿಟ್ಟು ತಿನ್ನುತ್ತಲೇ ಕೇಳುತ್ತಾರೆ. ಕೇಳಿಸಿಕೊಂಡು ನಮ್ಮವ್ವ ನಗುತ್ತಿದ್ದಳು.

ಅವ್ವನ ಹೆಸರು ನೀಲಾಂಬಿಕಾ. ಅಜ್ಜ ಅಜ್ಜಿಗೆ ಒಬ್ಬಳೇ ಮಗಳು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನ್ನಪ್ಪ ತೀರಿಕೊಂಡ ಮೇಲೆ ಅಜ್ಜ ಕಟ್ಟಿಸಿದ ಮನೆಯಲ್ಲಿ ಅಜ್ಜಿ, ಅವ್ವ, ನಾನು ಮೂವರೂ ಕೂಡಿ ಇದ್ದೆವು. ಕಳೆದ ಆಷಾಢದ ಒಂದು ಮಧ್ಯಾಹ್ನ ಅವ್ವ ಹೆಸರುಕಾಳು ಆರಿಸುತ್ತ ಕೂತಿದ್ದಳು. ಕೈ ಆಡುತ್ತಲೇ ಇತ್ತು, ತುಟಿ ಮಾತ್ರ ಕಪ್ಪಾಗುತ್ತ ಬಂತು. ತೊಂಬತ್ಮೂರು ವರ್ಷದ ಅಜ್ಜಿ ಎದ್ದು ಬೆನ್ನಿಗೆ ಗುದ್ದಿದಳು. ಅವ್ವ ಒಮ್ಮೆಲೇ ಉಸಿರೆಳೆದು, ಯಾಕೆ ಬಡಿಯುತ್ತೀ ಎಂದು ಸಿಟ್ಟಾದಳಂತೆ. ತಾನು ಒಂದು ನಿಮಿಷ ಉಸಿರಾಡಿರಲಿಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಯಂತ್ರ ಕೂಡಿಸಿದ್ದು ನಮ್ಮ ಆಸ್ಪತ್ರೆಯಲ್ಲಿಯೇ. ಮೊದಲ ವಾರ ನಾನು ಧೈರ್ಯವಾಗಿಯೇ ಇದ್ದೆ. ಅವ್ವನ ಹಳೆಯ ಫೋನುಗಳಲ್ಲಿ ಅವಳ ಧ್ವನಿಸಂದೇಶಗಳು ಸಾವಿರಾರು ಇದ್ದವು. ಒಂದರಲ್ಲಿಯೂ ಉಸಿರಿರಲಿಲ್ಲ. ಮಾತಿನ ನಡುವಿನ ಗದ್ದಲವನ್ನೆಲ್ಲ ತೊಳೆದು ಕಳಿಸುವ ಒಂದು ಆ್ಯಪ್ ಆ ಕಾಲದಲ್ಲಿ ಎಲ್ಲರ ಫೋನಿನಲ್ಲೂ ಇತ್ತು. ಅದಕ್ಕೆ ಫ್ಯಾನಿನ ಸಪ್ಪಳವೂ ಒಂದೇ, ಉಸಿರೂ ಒಂದೇ. ಅವ್ವನ ಫೋನಿಗೆ ಅದನ್ನು ಹಾಕಿಕೊಟ್ಟವಳು ನಾನೇ. ಅವಳ ಹುಟ್ಟುಹಬ್ಬಕ್ಕೆ ಹಾಕಿಕೊಟ್ಟಿದ್ದೆ.

ಅಜ್ಜಿಯ ಉಸಿರು ತೆಗೆದು ಹೋಲಿಸಿದೆವು, ಕೂಡಲಿಲ್ಲ. ನನ್ನದು ಅಪ್ಪನ ಕಡೆಯ ತಾಳ, ಅದೂ ಆಗಲಿಲ್ಲ. ಅಂದರೆ ಅವ್ವನಿಗೆ ಇಳಿದದ್ದು ಅಜ್ಜನ ತಾಳ. ಅದು ತಿಳಿದ ದಿನ ನನಗೆ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಊರಿನ ಜನರೆಲ್ಲ ಸತ್ತ ಅಪ್ಪಂದಿರ ಒಂದು ಕೆಮ್ಮಿಗಾಗಿ ಹಳೆಯ ಮದುವೆ ವಿಡಿಯೋ ತಡಕಾಡುವಾಗ ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಧ್ವನಿ ನಲವತ್ಮೂರು ಸುರುಳಿ ಇತ್ತು. ಒಂದೊಂದೂ ಊಟದ ತಟ್ಟೆಯಷ್ಟು ಅಗಲ.

ಆ ಸುರುಳಿಗಳ ಕಥೆ ಇಷ್ಟು. ನಿವೃತ್ತಿಗೆ ಮುಂಚೆಯೇ ಅಜ್ಜ ಹರಾಜಿನಲ್ಲಿ ಒಂದು ಹಳೆಯ ಟೇಪ್ ಯಂತ್ರ ಹಿಡಿದಿದ್ದರು. ರವಿವಾರ ಬಂತೆಂದರೆ ನಡುಮನೆಯೇ ಸ್ಟುಡಿಯೋ. ಕಿಟಕಿಗೆ ಕೌದಿ ಕಟ್ಟಿ, ಮೈಕು ಇಟ್ಟು, ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಈಗ ಶ್ರೀಮತಿ ಪಾರ್ವತೆವ್ವ ಕೋರಿಯವರಿಂದ ಬೀಸುವ ಪದ. ಈಗ ಕುಮಾರಿ ನೀಲಾಂಬಿಕಾ ಅವರಿಂದ ಹದಿನೇಳರ ಮಗ್ಗಿ. ಮಗಳು ಮಗ್ಗಿ ಹೇಳಿದ್ದನ್ನು ಆ ಮನುಷ್ಯ ರಾಜ್ಯಪಾಲರ ಭಾಷಣದಷ್ಟು ಗಂಭೀರವಾಗಿ ಘೋಷಿಸುತ್ತಿದ್ದರು. ಮನೆಯವರ ಮೇಲೆ ಅವರಿಗೆ ಅಷ್ಟು ಪ್ರೀತಿ. ಪ್ರೀತಿ ತೋರಿಸಲು ಅವರಿಗೆ ಬರುತ್ತಿದ್ದುದು ಅದೊಂದೇ ರೀತಿ.

ಯಂತ್ರ ಕೂಡಿಸಿದ ಮೂವತ್ತೊಂದನೆಯ ದಿನ ಟ್ರಂಕನ್ನು ಪ್ರಯೋಗಾಲಯಕ್ಕೆ ಒಯ್ದೆ. ನಮ್ಮ ಮುಖ್ಯಸ್ಥೆ ಡಾಕ್ಟರ್ ಇನಾಮದಾರ ಮೇಡಂ ಸುರುಳಿಗಳನ್ನು ನೋಡಿ, ಇಷ್ಟು ಆಸ್ತಿ ಇಟ್ಟುಕೊಂಡು ಯಾಕೆ ಮುಖ ಸಣ್ಣ ಮಾಡಿಕೊಂಡಿದ್ದೆ ಎಂದರು. ಒಂದನೆಯ ಸುರುಳಿ ಓದಿಸಿದೆವು. ಪರದೆಯ ಮೂಲೆಯಲ್ಲಿ ಯಂತ್ರ ಉಸಿರುಗಳ ಲೆಕ್ಕ ತೋರಿಸುತ್ತದೆ. ಅಜ್ಜನ ಧ್ವನಿ ಕೋಣೆ ತುಂಬಿತು. ಇಪ್ಪತ್ತೆಂಟು ವರ್ಷಗಳ ಮೇಲೆ ಕೇಳುತ್ತಿದ್ದೆ, ಕಣ್ಣು ತುಂಬಿ ಬಂತು. ಇಪ್ಪತ್ತೆರಡು ನಿಮಿಷ ಮಾತಾಡಿದರು. ಪರದೆಯ ಮೂಲೆಯಲ್ಲಿ ಸೊನ್ನೆ ಇತ್ತು.

ಯಂತ್ರ ಕೆಟ್ಟಿದೆ ಎಂದುಕೊಂಡೆವು. ಎರಡನೆಯದು ಸೊನ್ನೆ. ಐದನೆಯದು ಸೊನ್ನೆ. ಹನ್ನೊಂದನೆಯ ಸುರುಳಿಯನ್ನು ಕೈಯಲ್ಲಿ ಹಿಡಿದು ದೀಪಕ್ಕೆ ಒಡ್ಡಿದಾಗ ಕಂಡಿತು. ಕಂದು ಪಟ್ಟಿಯ ಉದ್ದಕ್ಕೂ ಓರೆಯಾಗಿ ಕತ್ತರಿಸಿ ಬಿಳಿ ಅಂಟುಪಟ್ಟಿ ಹಚ್ಚಿದ ತೇಪೆಗಳು. ಆ ಒಂದು ಸುರುಳಿಯಲ್ಲಿ ಮುನ್ನೂರ ಹದಿನೇಳು ಎಣಿಸಿದೆ. ಉಳಿದವೂ ಹಾಗೆಯೇ. ಪ್ರತಿ ವಾಕ್ಯದ ಮುಂಚೆ, ಪ್ರತಿ ನಿಲುಗಡೆಯಲ್ಲಿ, ಅಜ್ಜ ತಮ್ಮ ಉಸಿರನ್ನೂ ಮನೆಯವರ ಉಸಿರನ್ನೂ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಎಷ್ಟು ಕಸುಬುಗಾರಿಕೆ ಎಂದರೆ ತೇಪೆಯ ಮೇಲೆ ಬೆರಳಾಡಿಸಿದರೂ ತಿಳಿಯುವುದಿಲ್ಲ. ಬಾನುಲಿಯಲ್ಲಿ ಕೆಲಸ ಮಾಡಿದವರ ಮನೆಯವರಿಗಲ್ಲದೆ ಇಂಥ ಪೆಟ್ಟು ಇನ್ನಾರಿಗೂ ಬೀಳಲಾರದು. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ನಮ್ಮದು ನಲವತ್ಮೂರು ಭರಣಿ ಇತ್ತು.

ಅದೇ ವಾರ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ತನ್ನ ತಮ್ಮನನ್ನು ಕರೆತಂದಳು. ಅವಳ ಹತ್ತಿರ ಇದ್ದುದು ಒಂದೇ ವಿಡಿಯೋ. ಬೆಕ್ಕು ಮರಿ ಹಾಕಿದ್ದನ್ನು ಯಾರೋ ತೆಗೆದಿದ್ದರು, ಹಿಂದೆ ಅವರಪ್ಪ ಗೊರಕೆ ಹೊಡೆಯುತ್ತ ಮಲಗಿದ್ದ. ನಾಲ್ಕುನೂರ ಹನ್ನೆರಡು ಉಸಿರು ಸಿಕ್ಕವು. ನಾನೇ ಕೂತು ಎಣಿಸಿದೆ. ಅವಳು ಹೋಗುವಾಗ ನನ್ನ ಕೈಗೆ ಎರಡು ಬಾಳೆಹಣ್ಣು ಕೊಟ್ಟಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಮನೆಯಲ್ಲಿ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವ್ವನೇ ಕೇಳಿದಳು. ಹೇಳಿದೆ. ಎದೆಡಬ್ಬಿ ಕಾರ್ಖಾನೆಯ ತಾಳದಲ್ಲಿ ಅವಳ ಉಸಿರು ಎಳೆಸುತ್ತಲೇ ಇತ್ತು. ಆಮೇಲೆ ಅವಳು ನಕ್ಕಳು.

"ನಮ್ಮಪ್ಪಾರು ನನ್ನ ಕೆಮ್ಮು ತಗದಾರ, ತೊದಲು ತಗದಾರ. ಬರೇ ಶಾಣ್ಯಾತನ ಇಟ್ಟಾರ. ಹದಿನೇಳರ ಮಗ್ಗ್ಯಾಗ ನಾ ಎರಡು ಸಲ ತಪ್ಪಿದ್ದೆ ದಾಕ್ಷು. ಟೇಪಿನ್ಯಾಗ ಎಲ್ಲಾ ಸರಿ ಐತಿ."

ಕತ್ತರಿಸಿದ ಚೂರುಗಳನ್ನು ಅಜ್ಜ ಏನು ಮಾಡುತ್ತಿದ್ದರು ಎಂದು ನಾನು ಅಜ್ಜಿಯನ್ನು ಕೇಳಿದೆ. ಕಸದ ಬುಟ್ಟಿಗೆ ಹಾಕುತ್ತಿದ್ದರು ಎಂಬ ಉತ್ತರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅಜ್ಜಿ ಬೇರೆಯೇ ಹೇಳಿದಳು.

"ಒಂದು ಎಳಿನೂ ಒಗೀತಿದ್ದಿಲ್ಲವಾ ಅವರು. ಆಫೀಸಿನ್ವು ಕಿಸೆದಾಗ ಹಾಕ್ಕೊಂಡು ಬರತಿದ್ರು, ಮನಿವು ಡಬ್ಬ್ಯಾಗ ಇಡತಿದ್ರು. ಅರ್ಧ ಗೇಣಿನ್ವು, ಗಟ್ಟಿ ಇರತಿದ್ವು. ನಾ ಹೀರಿಬಳ್ಳಿ ಕಟ್ಟಾಕ ತಗೋತಿದ್ದೆ."

ಟೇಪು ಆ ಯಂತ್ರದಲ್ಲಿ ಒಂದು ಸೆಕೆಂಡಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಓಡುತ್ತದೆ. ಕಳ್ಳತನದಲ್ಲಿ ತೆಗೆದುಕೊಂಡ ಉಸಿರು ಅರ್ಧ ಸೆಕೆಂಡು. ಹೆಚ್ಚುಕಡಿಮೆ ಅರ್ಧ ಗೇಣು. ನನ್ನಜ್ಜನ ಉಸಿರಿನಿಂದ ಅಜ್ಜಿ ಇಪ್ಪತ್ತು ವರ್ಷ ಹೀರೆ, ಅವರೆ, ಹಾಗಲದ ಬಳ್ಳಿಗಳನ್ನು ಕೋಲಿಗೆ ಕಟ್ಟಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲಿನ ಗಿಡಗಳಿಗೆ ಮದ್ದನ್ನೇ ಕಟ್ಟಿದ್ದೆವು.

ಅವ್ವನ ಐವತ್ತನೆಯ ದಿನದಿಂದ ನಾನು ರಜೆ ಹಾಕಿ ಹಿತ್ತಲು ಅಗೆದೆ. ಅಜ್ಜಿ ಕುರ್ಚಿ ಹಾಕಿಸಿಕೊಂಡು, ಇಲ್ಲಿ ಹೀರೆಯ ಚಪ್ಪರ ಇತ್ತು, ಅಲ್ಲಿ ಹಾಗಲ ಎಂದು ಕೋಲಿನಿಂದ ತೋರಿಸುತ್ತಿದ್ದಳು. ದಾಳಿಂಬೆಯ ಬುಡದಲ್ಲಿ, ಹಳೆಯ ಬಿದಿರಿನ ಗಳುಗಳಲ್ಲಿ, ಮಣ್ಣಿನ ಒಳಗೆ, ಒಂಬತ್ತು ದಿನಕ್ಕೆ ಅರವತ್ತೆಂಟು ಚೂರು ಸಿಕ್ಕವು. ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇತ್ತು. ಅದರ ಮೇಲಿನ ಕಂದು ಲೇಪ, ಧ್ವನಿ ಕೂತಿರುವುದೇ ಆ ಲೇಪದಲ್ಲಿ, ನಲವತ್ತು ಮಳೆಗಾಲಕ್ಕೆ ತೊಳೆದುಹೋಗಿತ್ತು. ಚೂರುಗಳು ಗಾಜಿನಂತೆ ಬೆಳ್ಳಗಿದ್ದವು. ಗಂಟಿನ ಒಳಗೆ ಸಿಕ್ಕಿಕೊಂಡ ಭಾಗದಲ್ಲಿ ಮಾತ್ರ ಉಗುರಿನಷ್ಟು ಲೇಪ ಉಳಿದಿತ್ತು. ಗಂಟುಗಳನ್ನು ಸೂಜಿಯಿಂದ ಬಿಚ್ಚಿ ಓದಿಸಿದೆವು. ಒಂದೊಂದರಲ್ಲಿ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಅದು ಉಸಿರೋ ಗಾಳಿಯೋ ಯಂತ್ರಕ್ಕೂ ತಿಳಿಯಲಿಲ್ಲ. ಇನಾಮದಾರ ಮೇಡಂ ಕನ್ನಡಕ ತೆಗೆದು ಒರೆಸಿದರು.

ಅಜ್ಜ ಚೂರು ಇಡುತ್ತಿದ್ದ ಡಬ್ಬಿಯ ವಿಷಯ ಕೇಳಿದೆ. ಡಬ್ಬಿ ಯಾವಾಗಲೋ ಖಾಲಿಯಾಗಿತ್ತು, ಅಜ್ಜಿ ಅದರಲ್ಲಿ ಜೀರಿಗೆ ಇಟ್ಟಿದ್ದಳು.

ಎಪ್ಪತ್ತೊಂಬತ್ತನೆಯ ದಿನ ಸುರುಳಿಗಳನ್ನು ವಾಪಸು ಟ್ರಂಕಿಗೆ ಹಾಕಿ ಬೀಗ ಜಡಿಯುತ್ತಿದ್ದೆ. ಬೀಗದ ಕೈಗೆ ಕಂದು ಬಣ್ಣದ ಒಂದು ದಾರ ಕಟ್ಟಿತ್ತು. ಎರಡು ಮೂರು ಸುತ್ತು ಸುತ್ತಿ ಗಂಟು ಹಾಕಿದ್ದು. ಆ ಬೀಗದ ಕೈ ಐವತ್ತು ದಿನದಿಂದ ನನ್ನ ಪರ್ಸಿನಲ್ಲಿಯೇ ಇತ್ತು. ಅದು ದಾರವಲ್ಲ ಎಂದು ನನ್ನ ಬೆರಳಿಗೆ ಆವತ್ತು ತಿಳಿಯಿತು.

ಬಿಚ್ಚಿದರೆ ಪೂರಾ ಒಂದು ಗೇಣು. ಮಳೆ ಬಿಸಿಲು ಕಾಣದ್ದರಿಂದ ಲೇಪ ಬಹುಮಟ್ಟಿಗೆ ಹಾಗೆಯೇ ಇತ್ತು. ಒಂದು ತುದಿಯಲ್ಲಿ ಅಜ್ಜನ ಹಳದಿ ಪೆನ್ಸಿಲಿನ ಗುರುತು. ಓದಿಸಿದಾಗ ಪರದೆಯ ಮೂಲೆಯಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಎಂದು ಮೂಡಿತು. ಕಳ್ಳತನದ ಉಸಿರಲ್ಲ ಅದು. ಎದೆತುಂಬ ಎಳೆದದ್ದು. ಕತ್ತರಿಸಿದ ಅಂಚಿನ ಓರೆಯನ್ನು ಸುರುಳಿಗಳ ತೇಪೆಗಳೊಂದಿಗೆ ಹೋಲಿಸಲು ಹೇಳಿದಾಗ ಯಂತ್ರ ಅದರ ಜಾಗವನ್ನೂ ಹುಡುಕಿಕೊಟ್ಟಿತು. ಹತ್ತೊಂಬತ್ತನೆಯ ಸುರುಳಿ, ನಾಲ್ಕನೆಯ ನಿಮಿಷ. ಆ ತೇಪೆ ದಾಟಿದ ಕೂಡಲೇ ಅಜ್ಜ ಘೋಷಕರ ಧ್ವನಿ ಬಿಟ್ಟು ಮನೆಯ ಧ್ವನಿಯಲ್ಲಿ ಕರೆಯುತ್ತಾರೆ: "ನೀಲಾ, ಬಾರವ್ವಾ, ಮೈಕಿನ ಮುಂದ ನಿಂದ್ರು." ಮಗಳು ಎಲ್ಲೋ ಹಿತ್ತಲಿನಲ್ಲಿ ಆಡುತ್ತಿದ್ದಿರಬೇಕು. ಮೈಕು ತೆರೆದಿರುವುದನ್ನು ಮರೆತು, ಕೂಗಿ ಕರೆಯಲು ಉಸಿರೆಳೆದಿದ್ದಾರೆ. ಆಮೇಲೆ ನಾಚಿಕೆಯಾಗಿ ಅದನ್ನು ಕತ್ತರಿಸಿದ್ದಾರೆ. ಕರೆದದ್ದನ್ನು ಮಾತ್ರ ಕತ್ತರಿಸಲು ಮನಸ್ಸಾಗಿಲ್ಲ.

ನಾಲ್ಕುನೂರು ಬೇಕಿದ್ದಲ್ಲಿ ಒಂದು. ಮೇಡಂ ನೇರವಾಗಿ ಹೇಳಿದರು, ಒಂದೇ ಉಸಿರನ್ನು ತಿರುಗಿಸಿ ಮುರುಗಿಸಿ ಹಾಕಿದರೆ ಅದೂ ಕಾರ್ಖಾನೆಯ ತಾಳದ ಹಾಗೆಯೇ, ನರ ಕಿವುಡಾಗುವುದು ತಪ್ಪುವುದಿಲ್ಲ, ಒಂದು ದಿನವೂ ಹೆಚ್ಚು ಸಿಗುವುದಿಲ್ಲ. ನನಗೆ ಗೊತ್ತಿದ್ದುದೇ. ಇದೇ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ.

ಅವ್ವನಿಗೆ ಆ ಉಸಿರು ಕೇಳಿಸಿದೆ. ಒಮ್ಮೆ ಕೇಳಿ, ಇನ್ನೊಮ್ಮೆ ಹಾಕು ಎಂದಳು. ಆಮೇಲೆ ಯಂತ್ರಕ್ಕೆ ಅದನ್ನೇ ಹಾಕು ಎಂದಳು. ಉಪಯೋಗವಿಲ್ಲ ಎಂದು ವಿವರಿಸಲು ಹೋದೆ. ಗಣಿತದ ಟೀಚರಿಗೆ ಲೆಕ್ಕ ಹೇಳಿಕೊಡುವ ಅಗತ್ಯವಿರಲಿಲ್ಲ.

"ಹೋಗೂದು ಹೋಗೂದ ಐತಿ. ಕಾರ್ಖಾನಿ ಉಸಿರಿನ್ಯಾಗ ಹೋಗೂದು ಬ್ಯಾಡ ನನಗ."

ಎಂಬತ್ತೆರಡನೆಯ ದಿನ ಹಾಕಿದೆ. ಮನೆಯಲ್ಲಿರುವ ರೋಗಿಗಳ ಮಂಚದ ಪಕ್ಕ ಒಂದು ಕಾವಲುಪೆಟ್ಟಿಗೆ ಇರುತ್ತದೆ. ಡಬ್ಬಿ ಕಳಿಸುವ ಉಸಿರನ್ನು ಅದು ಸಣ್ಣಗೆ ಕೇಳಿಸುತ್ತದೆ. ಎದೆ ಅದಕ್ಕೆ ಓಗೊಡುತ್ತಿದೆಯೋ ಇಲ್ಲವೋ ಎಂದು ಪಕ್ಕದಲ್ಲಿ ಕೂತವರು ನೋಡುತ್ತಿರಬೇಕು. ನಡುಮನೆಯಲ್ಲಿ, ಅಜ್ಜ ಮೈಕು ಇಡುತ್ತಿದ್ದ ಕಿಟಕಿಯ ಹತ್ತಿರ, ನಾಲ್ಕು ಸೆಕೆಂಡಿಗೊಮ್ಮೆ ಅಜ್ಜ ಮಗಳನ್ನು ಕರೆಯಲು ಉಸಿರೆಳೆಯತೊಡಗಿದರು. ಹೆಸರು ಮಾತ್ರ ಬರುತ್ತಿರಲಿಲ್ಲ. ಅವ್ವನ ಎದೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ಅಜ್ಜಿ ಮೊದಲ ದಿನ ಅಡುಗೆಮನೆಯಿಂದ ಹೊರಗೆ ಬಂದು ಸುತ್ತಲೂ ನೋಡಿದಳು. ನಾನು ಏನೂ ಹೇಳಿರಲಿಲ್ಲ. ಗೇಟಿನ ಹತ್ತಿರ ಬಂದ ಕೂಡಲೇ ಮಗಳನ್ನು ಕರೆಯುವ ಮುಂಚೆ ಅವರು ಹೀಗೆಯೇ ಉಸಿರು ತೆಗೆದುಕೊಳ್ಳುತ್ತಿದ್ದರು ಎಂದಳು. ಆಮೇಲೆ ಅಲ್ಲಿಯೇ ಮಗಳ ಕಾಲ ಹತ್ತಿರ ಕೂತಳು, ಊಟಕ್ಕೆ ಕರೆದರೂ ಏಳಲಿಲ್ಲ.

ಆ ಉಸಿರು ನಡೆದದ್ದು ಹನ್ನೊಂದು ದಿನ. ಎಂಟನೆಯ ದಿನಕ್ಕೆ ಎದೆ ಎರಡಕ್ಕೊಮ್ಮೆ ಓಗೊಡುತ್ತಿತ್ತು, ಹತ್ತನೆಯ ದಿನ ಐದಕ್ಕೊಮ್ಮೆ. ವಿದ್ಯುತ್ ಹೆಚ್ಚಿಸಿದೆ, ಉಸಿರನ್ನು ಸ್ವಲ್ಪ ಉದ್ದ ಮಾಡಿದೆ, ಸ್ವಲ್ಪ ಮೋಟು ಮಾಡಿದೆ. ಕಲಿತದ್ದನ್ನೆಲ್ಲ ಮಾಡಿದೆ. ಹನ್ನೊಂದನೆಯ ದಿನ ಮಧ್ಯಾಹ್ನ, ಹೊರಗೆ ಯಾರೋ ಹಪ್ಪಳ ಒಣಗಿಸುತ್ತ ಕಾಗೆ ಓಡಿಸುತ್ತಿದ್ದರು, ಅವ್ವನ ಎದೆ ಓಗೊಡಲಿಲ್ಲ. ಅಜ್ಜ ಮತ್ತೆ ಉಸಿರೆಳೆದರು. ಮತ್ತೆ ಎಳೆದರು. ನಾನು ನಾಡಿ ಹಿಡಿದು ಕೂತಿದ್ದೆ, ಆಮೇಲೆ ಹಿಡಿಯಲು ಏನೂ ಇರಲಿಲ್ಲ.

ಪೆಟ್ಟಿಗೆ ನಿಲ್ಲಲಿಲ್ಲ. ನಿಲ್ಲಿಸಬೇಕಾದವಳು ನಾನು. ಆಸ್ಪತ್ರೆಯಲ್ಲಿ ನೂರಾರು ಸಲ ನಿಲ್ಲಿಸಿದ್ದೇನೆ, ಆವತ್ತು ಕೈ ಏಳಲಿಲ್ಲ. ನಾಲ್ಕು ಸೆಕೆಂಡಿಗೊಮ್ಮೆ ಅವರು ಕರೆಯಲು ಹೊರಡುತ್ತಲೇ ಇದ್ದರು.

ಅಜ್ಜಿ ಮಂಚ ಹಿಡಿದುಕೊಂಡು ಎದ್ದಳು. ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು. ಆಮೇಲೆ ಪೆಟ್ಟಿಗೆಯ ಕಡೆ ಬಾಗಿ, ಗಂಡನ ಎದುರು ಮಾತಾಡುವಾಗಿನ ಮೆಲ್ಲನೆಯ ಧ್ವನಿಯಲ್ಲಿ ಹೇಳಿದಳು:

"ಇನ್ನ ಕರೀಬ್ಯಾಡ್ರಿ. ಆಕಿ ಬಂದ್ಲು."

ಗುಂಡಿ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ನಾನು ತೋರಿಸಿದೆ.